ದಾರ ಕಚ್ಚಿದ ಬಾಯಿ

ಎಡಹುಬ್ಬು ಮುಗಿದಿತ್ತು, ಬಲಹುಬ್ಬು ಅರ್ಧಕ್ಕೆ ಬಂದಿತ್ತು. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಎರಡೂ ಕೈಯ ಬೆರಳುಗಳಿಗೆ ಹೆಣೆದುಕೊಂಡು ಪಾರ್ಲರಕ್ಕ ಕುರ್ಚಿಯ ಹಿಂದಿನಿಂದ ಬಾಗಿದ್ದಳು. ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಚೆಲ್ಲಿ ಒರಗಿದ್ದವಳು ಇನ್ಸ್‌ಪೆಕ್ಟರರ ಹೆಂಡತಿ. ಬೆನ್ನ ಹಿಂದೆ ಬೀದಿಯವರು ಅವಳನ್ನು ಠಾಣೆಯಮ್ಮ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹಿಗ್ಗೂ ಇತ್ತು. ಹುಬ್ಬಿನ ಮೇಲೆ ಕೆಳಗೆ ತನ್ನ ಚರ್ಮವನ್ನು ತಾನೇ ಎರಡು ಬೆರಳಲ್ಲಿ ಬಿಗಿಹಿಡಿದು, ಕಣ್ಣು ಮುಚ್ಚಿ, ಬಾಯಿ ಮಾತ್ರ ಮುಚ್ಚದೆ ಕೂತಿದ್ದಳು.

“ಮೆಲ್ಲಗೆ ಕಣೇ, ಜೀವ ಹೋಯ್ತು. ನಮ್ಮನೆಯವರಿಗಂತೂ ಊಟ ಇಲ್ಲ, ನಿದ್ದೆ ಇಲ್ಲ. ನಾಳೆ ಬೆಳಗ್ಗೆಗೆ ಗಡುವು ಮುಗೀತು ನೋಡು.”

“ಹ್ಞೂಂ.”

“ಹಿಡ್ಕೊಂಡು ಬಂದವನನ್ನ ಒಂದು ದಿನಕ್ಕಿಂತ ಹೆಚ್ಚಿಗೆ ಠಾಣೆಯಲ್ಲಿ ಇಟ್ಕೊಳ್ಳೋ ಹಾಗಿಲ್ಲ. ಜಡ್ಜ್ ಮುಂದೆ ನಿಲ್ಲಿಸಿ, ಇನ್ನೂ ನಾಲ್ಕು ದಿನ ಕೊಡಿ ಅಂತ ಕೇಳ್ಬೇಕು. ಕೇಳಿದ್ರು, ಕೊಟ್ರು. ಅದೂ ನಾಳೆಗೆ ಆಯ್ತು. ಇನ್ನೂ ಬೇಕು ಅಂದ್ರೆ ಏನಿದೆ ತೋರ್ಸಿ ಅಂತಾರಂತೆ. ಇರೋದು ಏನು? ಆ ಟ್ಯೂಬಣ್ಣ ಬಾಯಿ ಬಿಡ್ತಿಲ್ಲ. ಇರೋದು ನಿನ್ನ ಮಾತೊಂದೇ.”

“ಹ್ಞೂಂ,” ಎಂದಳು ಪಾರ್ಲರಕ್ಕ. ದಾರ ಒಂದು ಕ್ಷಣ ಸಡಿಲವಾಯಿತು.

ಹುಬ್ಬು ತೀಡುವವಳಿಗೆ ಬಾಯಿ ಎಂಬುದು ಮೂರನೇ ಕೈ. ಮಾತಿಗೆ ತೆರೆದರೆ ದಾರ ಜಾರುತ್ತದೆ. ದಾರ ಜಾರಿದರೆ ಎದುರಿನವಳ ಚರ್ಮ ಹರಿದು ರಕ್ತ ಜಿನುಗುತ್ತದೆ. ಕಸುಬಿಗೆ ಇಳಿದ ದಿನದಿಂದ ಅವಳು ಕಲಿತ ಉತ್ತರ ಇದೊಂದೇ. ಅತ್ತೆ ಸರಿಯಿಲ್ಲ ಅಂದವಳಿಗೂ ಹ್ಞೂಂ, ಸೊಸೆ ಸರಿಯಿಲ್ಲ ಅಂದವಳಿಗೂ ಹ್ಞೂಂ. ಒಂದೇ ಮನೆಯ ಅತ್ತೆ ಸೊಸೆ ಒಬ್ಬರ ಹಿಂದೊಬ್ಬರು ಬಂದು ಇಬ್ಬರೂ ಗೆದ್ದು ಹೋದದ್ದುಂಟು. ಅಲುಗಾಡಬೇಡಿ, ಕೇಳಿಸ್ತಿದೆ, ಬೇಗ ಮುಗಿಸೋಣ ಎಂಬಷ್ಟೇ ಅದರ ಅರ್ಥವೆಂದು ಬರುವ ಹೆಂಗಸರಿಗೆಲ್ಲ ಗೊತ್ತು. ಗೊತ್ತಿಲ್ಲದ ಒಬ್ಬ ಮೊನ್ನೆ ಭಾನುವಾರ ಬಂದು ಪರದೆಯ ಆಚೆ ನಿಂತಿದ್ದ.

ಅದರ ಹಿಂದಿನ ದಿನ ಮಧ್ಯಾಹ್ನ ಪುಟ್ಟಿ ಕಾಣೆಯಾಗಿದ್ದಳು. ಹಿಂದಿನ ಬೀದಿಯ ಕೊನೆಯ ಮನೆಯ ಮಗು. ಏಳು ವರ್ಷ, ಹಳದಿ ಫ್ರಾಕು. ಟ್ಯೂಷನ್ನಿಗೆ ಹೊರಟವಳು ಟ್ಯೂಷನ್ನಿಗೆ ಹೋಗಲಿಲ್ಲ, ಮನೆಗೂ ಬರಲಿಲ್ಲ. ಭಾನುವಾರ ಪೊಲೀಸರು ಒಂದೊಂದೇ ಅಂಗಡಿಯನ್ನು ಕೇಳುತ್ತ ಬಂದರು. ಪಾರ್ಲರಿನ ಬಾಗಿಲಿಗೆ ದಪ್ಪ ಪರದೆ, ಮೇಲೆ ‘ಮಹಿಳೆಯರಿಗೆ ಮಾತ್ರ’ ಎಂಬ ಬೋರ್ಡು. ಬಂದ ಪೇದೆ ಸಂಕೋಚದ ಮನುಷ್ಯ. ಒಳಗೆ ಕಾಲಿಡದೆ ಹೊರಗಿನಿಂದಲೇ ಕೇಳಿದ. ಪಕ್ಕದ ಸೈಕಲ್ ಅಂಗಡಿಗೆ ಮಕ್ಕಳು ಬರ್ತಾರಾ? ಹ್ಞೂಂ. ಬರುತ್ತಿದ್ದರು, ಅಲ್ಲಿ ಪಂಕ್ಚರ್ ಹಾಕುವ ಟ್ಯೂಬಣ್ಣ ಮಕ್ಕಳ ಸೈಕಲ್ಲಿಗೆ ಪುಕ್ಕಟೆ ಗಾಳಿ ಹಾಕುತ್ತಿದ್ದ. ಮಕ್ಕಳನ್ನ ಒಳಗಡೆ ಕರೀತಾನಾ? ಹ್ಞೂಂ. ಕರೆಯುತ್ತಿದ್ದ, ನೀರು ತುಂಬಿದ ತೊಟ್ಟಿ ಒಳಗಿತ್ತು, ಟ್ಯೂಬನ್ನು ಮುಳುಗಿಸಿದಾಗ ತೂತಿನಿಂದ ಏಳುವ ಗುಳ್ಳೆ ನೋಡಲು ಮಕ್ಕಳು ಮುಗಿಬೀಳುತ್ತಿದ್ದವು. ಮೂರನೆಯ ಪ್ರಶ್ನೆ ಅವಳ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಕುರ್ಚಿಯಲ್ಲಿದ್ದ ಹುಡುಗಿ ನೋವಿಗೆ ಮುಖ ತಿರುಗಿಸಿದ್ದಳು, ಹುಬ್ಬಿನ ಬಾಲ ಕೆಡುವುದರಲ್ಲಿತ್ತು. ಈ ಪೇದೆ ಒಮ್ಮೆ ತೊಲಗಿದರೆ ಸಾಕು ಎಂದುಕೊಂಡು ಅವಳು ಇನ್ನೊಮ್ಮೆ ಹ್ಞೂಂ ಅಂದಳು.

“ನಿನ್ನೆ ಆ ಮಗು ಅವನ ಅಂಗಡಿ ಒಳಗೆ ಹೋಗಿದ್ದನ್ನ ನೋಡಿದ್ರಾ?” ಎಂಬುದು ಆ ಪ್ರಶ್ನೆ. ಪೇದೆ ಹೋದ ಮೇಲೆ ಕುರ್ಚಿಯ ಹುಡುಗಿ ಕಣ್ಣರಳಿಸಿ, “ಅಕ್ಕಾ, ನೀವು ನೋಡಿದ್ರಾ!” ಎಂದಾಗಲೇ ಅದು ಅವಳಿಗೆ ಅರ್ಥವಾದದ್ದು. ದಾರ ಬಾಯಿಂದ ತೆಗೆದು ಹೊರಗೆ ಬಂದು ನೋಡಿದಳು. ಪೇದೆ ಇರಲಿಲ್ಲ. ಹತ್ತು ಜನರನ್ನು ಕೇಳಿರುತ್ತಾರೆ, ಹತ್ತರಲ್ಲಿ ತನ್ನದೂ ಒಂದು, ಯಾರು ಲೆಕ್ಕಕ್ಕಿಡುತ್ತಾರೆ ಎಂದುಕೊಂಡಳು. ಕುರ್ಚಿಯಲ್ಲಿ ಅರ್ಧಹುಬ್ಬು ಕಾಯುತ್ತಿತ್ತು, ಒಳಗೆ ಹೋದಳು. ಸಂಜೆಯ ಹೊತ್ತಿಗೆ ಟ್ಯೂಬಣ್ಣನನ್ನು ಜೀಪಿಗೆ ಹತ್ತಿಸಿದ್ದರು. ಗ್ರೀಸು ಮೆತ್ತಿದ ಕೈಗಳನ್ನು ಒರೆಸಿಕೊಳ್ಳಲು ಅವನು ಬಟ್ಟೆ ಹುಡುಕುತ್ತಿದ್ದ, ಅಷ್ಟಕ್ಕೂ ಬಿಡಲಿಲ್ಲ.

ಆಮೇಲೆ ಬಂತು ಸುಗ್ಗಿ. ತಿಂಗಳಿಗೊಮ್ಮೆ ಬರುವವರು ವಾರ ತುಂಬುವ ಮೊದಲೇ ಮತ್ತೆ ಬಂದರು. ಹುಬ್ಬಿನಲ್ಲಿ ಕೂದಲೇ ಇಲ್ಲದವರೂ ಬಂದು ಕೂತರು. ಎಲ್ಲರಿಗೂ ಬೇಕಿದ್ದದ್ದು ಕಣ್ಣಾರೆ ಕಂಡವಳ ಮುಖ. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಬೀದಿ ಅದು. ಮೊದಲ ದಿನ ಮಗು ಅಂಗಡಿಯೊಳಗೆ ಹೋಗಿತ್ತು. ಮರುದಿನ ಅವನು ಕೈಹಿಡಿದು ಎಳೆದುಕೊಂಡಿದ್ದ. ಅದರ ಮರುದಿನ ಮಗು ಕಿರುಚಿದ್ದು ಪಾರ್ಲರಿನ ಗೋಡೆಗೆ ಕೇಳಿಸಿತ್ತು. ಪೊಲೀಸರು ತಪಾಸಣೆಗೆಂದು ಆ ನೀರಿನ ತೊಟ್ಟಿಯನ್ನು ಹೊತ್ತೊಯ್ದದ್ದೇ ತಡ, ನೀರು ಕೆಂಪಗಿತ್ತು ಅಂದರು. ನಲವತ್ತು ದಾಟಿದರೂ ಮದುವೆ ಯಾಕಾಗಿಲ್ಲ ಅಂದರು. ಎಲ್ಲಿಂದ ಬಂದವನು, ಯಾರಿಗೆ ಗೊತ್ತು ಅಂದರು. ಪಂಕ್ಚರ್ ಹಾಕಿಸಿಕೊಂಡಾಗ ಯಾರಿಗೂ ಬೇಡವಾಗಿದ್ದ ಅವನ ಊರು ಈಗ ಎಲ್ಲರಿಗೂ ಬೇಕಾಯಿತು. ಅವಳು ದಾರ ಕಚ್ಚಿಕೊಂಡು ಹ್ಞೂಂ ಅನ್ನುತ್ತಲೇ ಇದ್ದಳು.

ಒಂದು ಮಾತು ಅವಳು ಯಾರಿಗೂ ಹೇಳುವಂತಿರಲಿಲ್ಲ, ತನಗೂ ಪೂರ್ತಿ ಹೇಳಿಕೊಂಡಿರಲಿಲ್ಲ. ಅವಳಿಗೆ ಅದು ಹಿತವಾಗಿತ್ತು. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತವರೆಲ್ಲ ತಮ್ಮ ಕತೆ ಸುರಿದು ಎದ್ದುಹೋಗಿದ್ದರು. ನೀನೇನಂತೀಯ ಎಂದು ಕೇಳಿದವರಿಲ್ಲ. ಈಗ ಬೀದಿಯಲ್ಲಿ ನಡೆದರೆ ಗಂಡಸರು ಮಾತು ನಿಲ್ಲಿಸುತ್ತಿದ್ದರು. ಗಂಡ ಅವಳ ತಟ್ಟೆಗೆ ತಾನೇ ಬಡಿಸಿದ್ದ. ಒಳಗೆಲ್ಲೋ ಒಂದು ಮುಳ್ಳು ಆಡುತ್ತಿತ್ತು, ನಿಜ; ಆದರೆ ಆಡುವ ಮುಳ್ಳಿನ ಜೊತೆಗೂ ಮನುಷ್ಯರು ನಡೆಯುತ್ತಾರೆ. ಪೊಲೀಸರಿಗೆ ಬೇರೆ ದಾರಿ ಇರುತ್ತದೆ, ನಿಜ ಅದಾಗಿಯೇ ಹೊರಬರುತ್ತದೆ, ತಾನು ಮೂಗು ತೂರಿಸುವುದು ಯಾಕೆ ಎಂದು ಅವಳು ದಿನಕ್ಕೊಂದು ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಈಗ ಠಾಣೆಯಮ್ಮ ಕಣ್ಣು ಬಿಟ್ಟು, ಕನ್ನಡಿಯಲ್ಲಿ ಹುಬ್ಬು ನೋಡಿಕೊಂಡು, “ಈ ಕಡೆ ಸ್ವಲ್ಪ ದಪ್ಪ ಆಯ್ತಲ್ವಾ?” ಎಂದಳು. ಮತ್ತೆ ಒರಗುತ್ತ ನಗಲು ಶುರುಮಾಡಿದಳು.

“ಇನ್ನೊಂದು ತಮಾಷೆ ಕೇಳು. ಬಸ್ ನಿಲ್ದಾಣದಲ್ಲಿ ಶೌಚಾಲಯದ ಮುಂದೆ ಕೂತು ಚಿಲ್ಲರೆ ಇಸ್ಕೊಳ್ತಾಳಲ್ಲ, ಆ ದಪ್ಪ ಹೆಂಗಸು, ಮೊನ್ನೆ ಠಾಣೆಗೆ ಬಂದಿದ್ಲಂತೆ. ಶನಿವಾರ ಸಂಜೆ ಹಳದಿ ಫ್ರಾಕಿನ ಮಗು ನೋಡಿದೆ, ಯಾರೋ ಒಬ್ಬಳು ಕೈಹಿಡ್ಕೊಂಡಿದ್ಲು, ಮಗು ಬಿಕ್ಕಿ ಅಳ್ತಿತ್ತು, ನಮ್ಮಮ್ಮ ಅಲ್ಲ ಇವರು ಅಂತು ಅಂತ.”

ಪಾರ್ಲರಕ್ಕನ ಕೈ ನಿಂತಿತು. ದಾರ ಬಾಯಿಂದ ಬಿದ್ದಿತು. “ಆಮೇಲೆ?”

“ಆಮೇಲೇನು? ಓಡಿಸಿದ್ರು. ಮಗು ಸೈಕಲ್ ಅಂಗಡಿ ಒಳಕ್ಕೆ ಹೋಗಿದ್ದನ್ನ ಕಣ್ಣಾರೆ ನೋಡಿದವರಿದಾರೆ, ಬಸ್ ನಿಲ್ದಾಣಕ್ಕೆ ಹೇಗಮ್ಮ ಹಾರಿಹೋಯ್ತು ಅಂತ ನಮ್ಮನೆಯವರೇ ಬೈದು ಕಳ್ಸಿದ್ರಂತೆ. ಬಹುಮಾನ ಕೊಡ್ತಾರೆ ಅಂದ್ಕೊಂಡು ಬರ್ತಾರೆ ಇಂಥವರು.” ಠಾಣೆಯಮ್ಮ ಒಂದು ಕಣ್ಣು ತೆರೆದಳು. “ಯಾಕೇ ನಿಂತೆ?”

“ದಾರ ಕಡೀತು ಮೇಡಂ.”

“ಹೊಸದು ಹಾಕು. ನಾಳೆ ಏನಾದ್ರೂ ಜಡ್ಜ್ ಕೇಳಿದ್ರೆ ನಿನ್ನನ್ನೇ ಕರ್ಕೊಂಡು ಹೋಗ್ಬೇಕಾಗುತ್ತೆ ಅಂತಿದ್ರು. ಭಯಪಡ್ಬೇಡ, ನಾನಿದೀನಿ.”

ಉಂಡೆಯಿಂದ ಅವಳು ಬೇಕಾದದ್ದಕ್ಕಿಂತ ಉದ್ದದ ದಾರ ಎಳೆದಳು. ತನ್ನ ಮಾತು ಒಬ್ಬ ಮನುಷ್ಯನನ್ನು ಒಳಗೆ ಕೂಡಿಹಾಕಿದೆ ಎಂದಷ್ಟೇ ಇಷ್ಟು ದಿನ ಅಂದುಕೊಂಡಿದ್ದಳು. ಅದು ಮಗುವಿನ ಹಿಂದೆ ಹೋಗಬೇಕಿದ್ದವರನ್ನು ದಾರಿಯಲ್ಲೇ ತಡೆದು ನಿಲ್ಲಿಸಿದೆ ಎಂದು ಹೊಳೆದಿರಲಿಲ್ಲ. ಠಾಣೆಯವರ ಗಡುವು ಮುಗಿದರೆ ಇನ್ನೊಂದು ಕೇಳಬಹುದು. ಮಗುವಿಗೆ ಯಾರು ಗಡುವು ಕೊಡುತ್ತಾರೆ? ಆ ಹೆಂಗಸು ನೋಡಿದ್ದು ಪುಟ್ಟಿಯೇ ಇರಬಹುದು, ಇಲ್ಲದೆಯೂ ಇರಬಹುದು. ಹೋಗಿ ನೋಡುವವರೇ ಇಲ್ಲದಂತೆ ಮಾಡಿದವಳು ತಾನು.

ಠಾಣೆಯಮ್ಮ ಹೋದಳು. ಪರದೆ ಸರಿಸಿ ಪಾರ್ಲರಕ್ಕ ಹೊಸ್ತಿಲ ಮೇಲೆ ನಿಂತಳು. ಪಕ್ಕದ ಅಂಗಡಿಯ ಷಟರಿಗೆ ಯಾರೋ ಕರಿ ಆಯಿಲ್ ಎರಚಿದ್ದರು; ಅದು ಇಳಿದಿಳಿದು ಮೆಟ್ಟಿಲ ಮೇಲೆ ಹೆಪ್ಪುಗಟ್ಟಿತ್ತು. ಕಲ್ಲೇಟಿಗೆ ತಗಡು ಅಲ್ಲಲ್ಲಿ ನೆಗ್ಗಿತ್ತು. ಪಕ್ಕದ ಕಿಟಕಿಯ ಸರಳಿನಾಚೆ ಯಾವುದೋ ಮಗುವಿನ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು, ಕಳಚಿಟ್ಟ ಒಂದು ಚಕ್ರ ಹಾಗೇ ಪಕ್ಕದಲ್ಲಿತ್ತು. ಅದನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ. ಬೀದಿಯಲ್ಲಿ ಮಕ್ಕಳ ಸದ್ದಿರಲಿಲ್ಲ. ಹಗಲಿಡೀ ಗೋಡೆಯಾಚೆಯಿಂದ ಬರುತ್ತಿದ್ದ ಪಂಪಿನ ಉಸಿರಾಟ ಇಲ್ಲದೆ ಮಧ್ಯಾಹ್ನ ಉದ್ದವಾಗಿತ್ತು. ಎದುರಿನ ಟೀ ಅಂಗಡಿಯ ಮುಂದೆ ಗಂಡಸರು ಗುಂಪುಗೂಡಿದ್ದರು. ಅಷ್ಟು ಜನ ಇದ್ದೂ ಜೋರು ಮಾತಿಲ್ಲದಿದ್ದದ್ದು ಅವಳಿಗೆ ಸರಿಕಾಣಲಿಲ್ಲ.

ಗುಂಪಿನಿಂದ ಗಂಡ ಎದ್ದು ಬಂದ. ಸಿಮೆಂಟ್ ಅಂಗಡಿಯಲ್ಲಿ ಲಾರಿ ಇಳಿಸುವವರನ್ನು ನೋಡಿಕೊಳ್ಳುವ ಕೆಲಸ ಅವನದು; ಹುಬ್ಬಿನ ಮೇಲೆ ಸದಾ ಬೂದಿಬಣ್ಣದ ಪುಡಿ. ಊಟದ ಡಬ್ಬಿ ಅವಳ ಕೈಗಿಟ್ಟು, ತಗ್ಗಿದ ದನಿಯಲ್ಲಿ ಕೇಳಿದ:

“ಠಾಣೆಯಮ್ಮ ಏನಂದ್ಲು? ಬಿಡ್ತಾರಂತಾ?”

“ಗೊತ್ತಿಲ್ಲ.”

“ಕೋರ್ಟಿಗೆ ಎಷ್ಟು ಹೊತ್ತಿಗೆ ಕರ್ಕೊಂಡು ಹೋಗ್ತಾರೆ, ಯಾವ ಬಾಗಿಲಿಂದ ಹೊರಗೆ ಬಿಡ್ತಾರೆ, ಅಷ್ಟು ತಿಳ್ಕೊ. ನಮ್ಮ ಹುಡುಗರು ಕಾಯ್ತಿದಾರೆ. ಜಡ್ಜ್ ಬಿಟ್ರೂ ನಾವು ಬಿಡಲ್ಲ.”

“ಏನ್ ಮಾಡ್ತೀರಿ?”

“ಏನ್ ಮಾಡ್ತೀವೋ ಮಾಡ್ತೀವಿ. ನಿನಗ್ಯಾಕೆ ಅದು?”

“ರೀ, ಒಂದು ಮಾತು.” ಅವಳು ಡಬ್ಬಿಯ ಹಿಡಿಯನ್ನು ಬಿಗಿಯಾಗಿ ಹಿಡಿದಳು. “ಅವತ್ತು ನಾನು ಕೆಲಸದಲ್ಲಿದ್ದೆ. ಪರದೆ ಎಳೆದಿತ್ತು. ಪರದೆ ಎಳೆದ ಮೇಲೆ ನನಗೆ ಬೀದಿ ಎಲ್ಲಿ ಕಾಣುತ್ತೆ?”

ಗಂಡ ಅವಳ ಮುಖವನ್ನೇ ನೋಡಿದ. ಅವನ ಮುಖದಲ್ಲಿ ಮೊದಲು ನಗು ಬಂತು; ಅದು ನಿಲ್ಲದೆ ಜಾರಿಹೋದ ಮೇಲೆ ಇನ್ನೇನೋ ಬಂತು.

“ಯಾರ ಹತ್ರನಾದ್ರೂ ಹೀಗಂದ್ಯಾ?”

“ಇಲ್ಲ.”

“ಅನ್ನಬೇಡ. ನೀನು ನೋಡದೇ ಇದ್ರೂ ನೋಡಿದ ಹಾಗೇ. ಇಡೀ ಬೀದಿನೇ ನೋಡಿದೆ ಈಗ. ನಾನೇ ನೋಡಿದ ಹಾಗೆ ಆಗ್ಬಿಟ್ಟಿದೆ ಕಣೇ, ಕಣ್ಣು ಮುಚ್ಚಿದ್ರೆ ಅವನು ಆ ಮಗೂನ ಎಳ್ಕೊಂಡು ಹೋಗೋದೇ ಕಾಣುತ್ತೆ.” ಅವನು ಒಮ್ಮೆ ಗುಂಪಿನ ಕಡೆ ತಿರುಗಿ ನೋಡಿದ. “ಅವರ ಮುಂದೆ ಹೋಗಿ, ನನ್ನ ಹೆಂಡ್ತಿ ನೋಡ್ಲಿಲ್ವಂತೆ ಅಂತ ಹೇಳ್ಲಾ? ನಾಳೆ ಆ ಷಟರಿಗೆ ಬಿದ್ದಿದ್ದು ಈ ಷಟರಿಗೆ ಬೀಳುತ್ತೆ. ಊಟ ಮಾಡು, ತಣ್ಣಗಾಗುತ್ತೆ.”

ಅವನು ಹೋದ. ಅವಳು ಡಬ್ಬಿ ತೆರೆದಳು, ನೋಡಿದಳು, ಮುಚ್ಚಿಟ್ಟಳು. ಕುರ್ಚಿಯ ಸುತ್ತ ಬಿದ್ದ ಕೂದಲನ್ನು ಗುಡಿಸಿದಳು. ಗಂಡ ಕೆಟ್ಟವನಲ್ಲ. ಇಲಿಬೋನಿಗೆ ಸಿಕ್ಕ ಇಲಿಯನ್ನು ಕೊಲ್ಲಲಾಗದೆ ದೂರದ ಬಯಲಿಗೆ ಒಯ್ದು ಬಿಟ್ಟುಬರುವವನು. ಅಂಥವನ ಬಾಯಲ್ಲಿ ಈ ಮಾತು ಕೇಳಿ ಅವಳಿಗೆ ಟ್ಯೂಬಣ್ಣನಿಗೇನಾಗುತ್ತದೋ ಎನ್ನುವುದಕ್ಕಿಂತ ಗಂಡ ಏನಾಗಿಬಿಟ್ಟನೋ ಎಂದೇ ಹೆಚ್ಚು ಭಯವಾಯಿತು.

ಮೂರು ಗಂಟೆಯ ಸುಮಾರಿಗೆ ಪರದೆ ಸರಿಯಿತು. ಬಂದವಳು ಪುಟ್ಟಿಯ ಸೋದರತ್ತೆ, ಗಟ್ಟಿ ದನಿಯ, ಗಟ್ಟಿ ಹೆಜ್ಜೆಯ ಹೆಂಗಸು. ಅವಳ ಹಿಂದೆ, ಅವಳು ಕೈಹಿಡಿದು ಎಳೆದಷ್ಟೇ ದೂರ ನಡೆಯುತ್ತ, ಪುಟ್ಟಿಯ ತಾಯಿ.

“ಕೂರು ಅತ್ತಿಗೆ,” ಎಂದು ಅವಳನ್ನು ಕುರ್ಚಿಗೆ ಒತ್ತಿ ಕೂರಿಸಿ ಸೋದರತ್ತೆ ಪಾರ್ಲರಕ್ಕನ ಕಡೆ ತಿರುಗಿದಳು. “ಸಂಜೆ ಟಿವಿಯವರು ಬರ್ತಾರೆ. ಮುಖ ನೋಡಿ ಹೇಗಾಗಿದೆ. ನೋಡಿದವರು, ತಾಯೀನೇ ಹೀಗಿದ್ರೆ ಮಗೂನ ಹೇಗೆ ನೋಡ್ಕೊಂಡಿರ್ತಾಳೆ ಅಂತಾರೆ. ಈಗಾಗ್ಲೇ ಅಂತಿದಾರೆ. ಮಗೂನ ಒಂಟಿಯಾಗಿ ಯಾಕೆ ಕಳ್ಸಿದ್ಲು ಅಂತ ಫೋನಲ್ಲಿ ನೂರು ಜನ ಬರ್ದಿದಾರೆ. ಸ್ವಲ್ಪ ಮುಖ ಒರೆಸಿ, ಹುಬ್ಬು ಸರಿಮಾಡಿ, ತಲೆ ಬಾಚಿ. ಆದ್ರೆ ಜಾಸ್ತಿ ಚೆಂದ ಮಾಡ್ಬೇಡಿ. ಅದಕ್ಕೂ ಮಾತಾಡ್ತಾರೆ.”

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. “ಅವರೇ ಇರ್ಬೇಕು,” ಎಂದು ಪರದೆಯಾಚೆ ಹೋದಳು. ಹೊರಗೆ ಅವಳ ದನಿ, “ಹ್ಞಾ, ಪಾರ್ಲರ್ ಹತ್ರಾನೇ ಇದೀವಿ, ನೋಡಿದವರಿದಾರಲ್ಲ, ಅವರೂ ಇದಾರೆ,” ಎನ್ನುತ್ತ ದೂರ ಸರಿಯಿತು.

ಪಾರ್ಲರಕ್ಕ ಹತ್ತಿಯನ್ನು ತಣ್ಣೀರಿಗೆ ಅದ್ದಿ ತಾಯಿಯ ಮುಖ ಒರೆಸಿದಳು. ಹತ್ತಿ ಕಪ್ಪಗಾಯಿತು. ಹುಬ್ಬಿಗೆ ಪೌಡರು ಹಚ್ಚಿ, “ಇಲ್ಲಿ ಹಿಡ್ಕೊಳ್ಳಿ,” ಎಂದಾಗ ಆ ಕೈಗಳು ಹೇಳಿದಲ್ಲಿಗೆ ಬಂದು ಹೇಳಿದಂತೆ ಹಿಡಿದವು. ಇನ್ನೊಬ್ಬರ ಕೈಗಳ ಹಾಗೆ. ದಾರ ಹಲ್ಲಿಗೆ ಹೋಯಿತು. ಎಂಥೆಂಥ ಗಟ್ಟಿಗಿತ್ತಿಯರ ಕಣ್ಣಲ್ಲೂ ಮೊದಲ ಎಳೆತಕ್ಕೇ ನೀರು ತರಿಸುವ ಜಾಗ ಅದು. ಈ ಕಣ್ಣುಗಳು ಒಣಗಿಯೇ ಇದ್ದವು.

“ನೀವೇ ಅಲ್ವಾ ನೋಡಿದ್ದು,” ಎಂದಳು ತಾಯಿ. ಕಣ್ಣು ಮುಚ್ಚಿಯೇ ಇತ್ತು.

ಗಂಟಲಿನ ತನಕ ಬಂದ ಹ್ಞೂಂ ಅನ್ನು ಅವಳು ನುಂಗಿದಳು. ದಾರ ಕಿರ್ರೆಂದು ಹರಿದಾಡಿತು.

“ನಿಮ್ಮನ್ನ ಕೇಳ್ಬೇಕು ಅಂತ ದಿನಾ ಅಂದ್ಕೋತೀನಿ. ಹೊರಗೆ ಬರೋಕೆ ಬಿಡಲ್ಲ ಮನೆಯವರು. ಅವಳು ಒಳಗೆ ಹೋಗುವಾಗ ಅಳ್ತಿದ್ಲಾ, ನಗ್ತಿದ್ಲಾ?”

ಹ್ಞೂಂ ಎಂದರೆ ಸಾಗುವ ಪ್ರಶ್ನೆ ಇದಲ್ಲ. ಪಾರ್ಲರಕ್ಕ ದಾರವನ್ನು ಬಾಯಿಂದ ತೆಗೆದಳು. ಈಗ ಹೇಳಬಹುದಿತ್ತು. ಬಾಯಿ ಖಾಲಿಯಿತ್ತು, ಪರದೆ ಮುಚ್ಚಿತ್ತು, ಕೇಳುವವಳು ಒಬ್ಬಳೇ ಇದ್ದಳು. ಆದರೆ ಮುಚ್ಚಿದ ಆ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆ ಅತ್ತಿತ್ತ ಓಡಾಡುತ್ತಿದ್ದದ್ದು ಅವಳಿಗೆ ಕಂಡಿತು. ಕೈಯಲ್ಲಿದ್ದ ಒಂದು ತುತ್ತನ್ನು ಹಸಿದವಳಿಂದ ಹೇಗೆ ಕಿತ್ತುಕೊಳ್ಳುವುದು?

“ನಗ್ತಿದ್ಲು,” ಎಂದಳು.

ತಾಯಿಯ ಎದೆಯಿಂದ ಉಸಿರು ನಿಧಾನ ಹೊರಬಂತು. “ನಗ್ತಿದ್ಲಾ. ಹ್ಞಾ, ಅವಳು ನಗ್ತಾನೇ ಇರ್ತಾಳೆ.” ಹುಬ್ಬಿನ ಮೇಲಿದ್ದ ಬೆರಳು ಸಡಿಲಿಸಿದಳು. “ಬಿಸಿಲಿತ್ತು ಅವತ್ತು. ಚಪ್ಪಲಿ ಹಾಕ್ಕೊಂಡಿದ್ಲಾ?”

“ಹಾಕ್ಕೊಂಡಿದ್ಲು,” ಎಂದುಬಿಟ್ಟಳು ಪಾರ್ಲರಕ್ಕ. ಮೊದಲನೆಯದು ಕಷ್ಟಪಟ್ಟು ಬಂದಿತ್ತು. ಎರಡನೆಯದು ತಾನಾಗಿ ಬಂತು, ಸಮಾಧಾನದ ದನಿಯಲ್ಲಿ, ಎಷ್ಟೋ ಸಲ ಹೇಳಿ ರೂಢಿಯಾದದ್ದರ ಹಾಗೆ.

ತಾಯಿ ಕಣ್ಣು ತೆರೆದಳು. ಕನ್ನಡಿಯಲ್ಲಿ ಅವಳ ನೋಟ ನೇರವಾಗಿ ಪಾರ್ಲರಕ್ಕನ ಮುಖಕ್ಕೆ ಬಂದು ನಿಂತಿತು. ಒಂದು ಹುಬ್ಬು ತಿದ್ದಿದ್ದು, ಒಂದು ತಿದ್ದದೆ ಉಳಿದದ್ದು.

“ಅವಳ ಚಪ್ಪಲಿ ಮನೇಲೇ ಇದೆ,” ಎಂದಳು ಮೆಲ್ಲಗೆ. “ಪಟ್ಟಿ ಕಿತ್ತುಹೋಗಿತ್ತು. ಬಂದ ಮೇಲೆ ಹೊಲಿಸ್ತೀನಿ, ಇವತ್ತು ಬರಿಗಾಲಲ್ಲಿ ಓಡು ಅಂದಿದ್ದೆ. ನಾನೇ ಅಂದಿದ್ದೆ.”

ಹೊರಗೆ ಸೋದರತ್ತೆಯ ಮಾತು ಕೇಳಿಸುತ್ತಿತ್ತು. ಗೋಡೆಯ ಫ್ಯಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿ, ಅಲ್ಲಿ ಒಮ್ಮೆ ತಡವರಿಸಿ, ಮತ್ತೆ ತಿರುಗಿತು. ಪಾರ್ಲರಕ್ಕ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಕುರ್ಚಿಯ ಬೆನ್ನನ್ನು ಹಿಡಿದುಕೊಂಡು, “ನಾನು…” ಎಂದಳು.

“ಬೇಡ.” ತಾಯಿ ತಲೆ ಅಲುಗಿಸಿದಳು. ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. “ಹೇಳ್ಬೇಡಿ. ಅವನೇ ಆಗಿದ್ರೆ, ಎಲ್ಲಿದಾಳೆ ಅನ್ನೋದು ಅವನಿಗಾದ್ರೂ ಗೊತ್ತಿರುತ್ತೆ. ಇವತ್ತಲ್ಲ ನಾಳೆ ಹೇಳ್ತಾನೆ. ಅವನಲ್ಲ ಅಂದ್ರೆ ನಾನು ಯಾರನ್ನ ಕೇಳ್ಲಿ? ಯಾರ ಮನೆ ಬಾಗಿಲು ತಟ್ಲಿ?”

ಪಾರ್ಲರಕ್ಕ ಬಾಯಿ ತೆರೆದಳು. ಕೇಳಬೇಕಾದವಳು ಒಬ್ಬಳಿದ್ದಾಳೆ, ಅವಳನ್ನು ಓಡಿಸಿದ್ದಾರೆ ಎಂಬುದು ನಾಲಿಗೆಯ ತುದಿಯಲ್ಲಿತ್ತು. ಅದು ಪುಟ್ಟಿಯಾಗಿರದಿದ್ದರೆ? ಹಳದಿ ಫ್ರಾಕು ಊರಿಗೆ ಒಂದೇ ಇರುತ್ತದೆಯೇ? ಈ ಹೆಂಗಸಿಗೆ ಇನ್ನೊಂದು ಆಸೆ ಕೊಟ್ಟು ಇನ್ನೊಮ್ಮೆ ಕಿತ್ತುಕೊಳ್ಳಲು ತನಗೇನು ಅಧಿಕಾರ? ಮೊದಲು ತಾನು ಹೋಗಿ ಕೇಳಬೇಕು. ತಾನು ಕೇಳದೆ, ನೋಡದೆ ಇನ್ನೊಂದು ಮಾತೂ ಈ ಬಾಯಿಂದ ಬರಕೂಡದು.

ಪರದೆ ಸರಿಸಿ ಸೋದರತ್ತೆ ಒಳಬಂದಳು. “ಆಯ್ತಾ? ಇನ್ನೂ ಒಂದೇ ಆಗಿದ್ಯಾ! ಬೇಗ ಬೇಗ. ನಿಮ್ಮನ್ನೂ ಎರಡು ಮಾತು ಕೇಳ್ತಾರಂತೆ ಅಕ್ಕ, ಟಿವಿಯವರು. ನೀವು ನೋಡಿದ್ದನ್ನ ಹಾಗೇ ಹೇಳಿಬಿಡಿ, ಜಡ್ಜಿಗೂ ತಲುಪಲಿ.”

“ನನಗೆ ಟಿವಿ ಎಲ್ಲ ಅಭ್ಯಾಸ ಇಲ್ಲ.”

“ನಮಗೇನು ಅಭ್ಯಾಸ ಇತ್ತಾ?” ಎಂದಳು ಸೋದರತ್ತೆ. ಅವಳ ಗಟ್ಟಿ ದನಿ ಅಲ್ಲಿ ಒಮ್ಮೆ ಬಿರುಕು ಬಿಟ್ಟಿತು, ಕೆಮ್ಮಿ ಸರಿಮಾಡಿಕೊಂಡಳು.

ಎರಡನೇ ಹುಬ್ಬು ಮುಗಿಯಿತು. ತಲೆ ಬಾಚಿದ್ದಾಯಿತು. ತಾಯಿ ಎದ್ದು ನಿಂತು, ಕನ್ನಡಿಯ ಕಡೆ ನೋಡದೆ, ಬಂದಂತೆಯೇ ನಾದಿನಿಯ ಕೈಹಿಡಿದು ಹೋದಳು. ಬಾಗಿಲಲ್ಲಿ ಒಂದು ಸಲ ಮಾತ್ರ ಹಿಂದಿರುಗಿ ನೋಡಿದಳು. ಸುಮ್ಮನಿರಿ ಎಂದು ಬೇಡಿದ್ದೋ, ಹೇಳಿಬಿಡಿ ಎಂದು ಬೇಡಿದ್ದೋ, ಪಾರ್ಲರಕ್ಕನಿಗೆ ತಿಳಿಯಲಿಲ್ಲ. ಅವರು ದಾಟುವಾಗ ಟೀ ಅಂಗಡಿಯ ಮುಂದಿನ ಗಂಡಸರೆಲ್ಲ ಎದ್ದುನಿಂತರು. ಯಾರೋ ಒಬ್ಬ, “ನಾಳೆ ಅವನನ್ನ ಬಿಡಲ್ಲಮ್ಮ, ನೀವು ಧೈರ್ಯವಾಗಿರಿ,” ಎಂದ. ಉಳಿದವರು ತಲೆಯಾಡಿಸಿದರು. ತಲೆಯಾಡಿಸಿದವರಲ್ಲಿ ಅವಳ ಗಂಡನೂ ಇದ್ದ.

ಅವಳು ಒಂಟಿಯಾಗಿ ಕುರ್ಚಿಯಲ್ಲಿ ಕೂತಳು. ಬೇರೆಯವರನ್ನು ಕೂರಿಸುವ ಕುರ್ಚಿ. ತಾನು ಅದರಲ್ಲಿ ಕೂತದ್ದು ಅಪರೂಪ. ಕನ್ನಡಿಯಲ್ಲಿ ಕಂಡ ಹೆಂಗಸಿನ ಹುಬ್ಬು ಕಾಡುಬೆಳೆದಂತೆ ಬೆಳೆದಿತ್ತು. ನಾಳೆ ಏನೇನಾಗುತ್ತದೆ ಎಂದು ಅವಳು ಒಂದೊಂದಾಗಿ ಯೋಚಿಸಿದಳು. ಜಡ್ಜ್ ಮುಂದೆ ನಿಂತು ನಾನು ನೋಡಲಿಲ್ಲ ಅಂದರೆ, ಇಷ್ಟು ದಿನ ಯಾಕೆ ಬಾಯಿಮುಚ್ಚಿಕೊಂಡಿದ್ದೆ ಎಂದು ಕೇಳುತ್ತಾರೆ. ಠಾಣೆಯಮ್ಮ ಮತ್ತೆ ಈ ಕುರ್ಚಿಗೆ ಬರುವುದಿಲ್ಲ, ಅವಳು ಬರದಿದ್ದರೆ ಬೀದಿಯ ಅರ್ಧ ಜನ ಬರುವುದಿಲ್ಲ. ಗಂಡ ಮಾತು ಬಿಡುತ್ತಾನೆ, ಬಿಡದಿದ್ದರೆ ಇನ್ನೂ ಕಷ್ಟ. ಟ್ಯೂಬಣ್ಣನನ್ನು ಬಿಟ್ಟರೆ ಅವನು ಹೊರಬರುವುದು ಈ ಗಂಡಸರ ಕೈಗೇ. ಅವನನ್ನು ಮುಂದಿನ ಬಾಗಿಲಿಂದ ಬಿಡಬೇಡಿ ಎಂದೂ ಅವಳೇ ಹೇಳಬೇಕಾಗುತ್ತದೆ. ಯಾರಿಗೆ ಹೇಳುವುದು, ಹೇಗೆ ಹೇಳುವುದು ಗೊತ್ತಿರಲಿಲ್ಲ. ಇನ್ನು ಆ ತಾಯಿ. ಅವಳು ಏನನ್ನು ಹಿಡಿದುಕೊಂಡು ಉಸಿರಾಡುತ್ತಿದ್ದಾಳೋ ಅದನ್ನೇ ಕಿತ್ತುಕೊಂಡಂತಾಗುತ್ತದೆ.

ಇಷ್ಟೆಲ್ಲ ತಕ್ಕಡಿಯ ಒಂದು ತಟ್ಟೆಗೆ ಹಾಕಿದಳು. ಇನ್ನೊಂದು ತಟ್ಟೆಯಲ್ಲಿ ಇದ್ದದ್ದು, ಎಲ್ಲೋ ಗುರುತಿಲ್ಲದ ಒಬ್ಬಳ ಕೈಯಲ್ಲಿ ಸಿಕ್ಕಿಕೊಂಡ ಒಂದು ಪುಟ್ಟ ಕೈ. ಅದು ಇದ್ದರೂ ಇರಬಹುದು. ದಿನ ಕಳೆದಷ್ಟೂ ಅದು ದೂರವಾಗುತ್ತಿತ್ತು. ಟಿವಿಯವರ ವ್ಯಾನು ಬೀದಿಯ ತಿರುವಿನಲ್ಲಿ ಹಾರ್ನ್ ಮಾಡಿತು.

ಅವಳು ಎದ್ದಳು. ಫ್ಯಾನು ಆರಿಸಿದಳು, ಬಾಟಲಿಗಳ ಮುಚ್ಚಳ ತಿರುಗಿಸಿಟ್ಟಳು, ಷಟರನ್ನು ಅರ್ಧ ಎಳೆದಳು, ನಿಂತಳು, ಪೂರ್ತಿ ಎಳೆದಳು. ಆ ಸದ್ದಿಗೆ ಗಂಡ ಎದುರಿನಿಂದ ಕೂಗಿದ:

“ಎಲ್ಲಿಗೆ? ಟಿವಿಯವರು ಬಂದ್ರಲ್ಲ!”

“ಪೌಡರ್ ಮುಗಿದಿದೆ, ತರ್ತೀನಿ.”

“ನಾಳೆ ತಂದ್ರಾಯ್ತು ಬಾರೇ. ನಿನ್ನನ್ನೇ ಕೇಳ್ತಾರಂತೆ.”

“ನಾಳೆ ಬೆಳಗ್ಗೆ ಮದುವೆ ಹೆಣ್ಣಿದೆ. ಈಗ್ಲೇ ಬೇಕು.”

“ಹೆಂಗಸರಿಗೆ ಯಾವ ಹೊತ್ತಲ್ಲಿ ಏನು ಬೇಕಾಗುತ್ತೋ,” ಎಂದ ಗಂಡ, ಪಕ್ಕದವನ ಕಡೆ ತಿರುಗಿ. ಆ ಗುಂಪಿನಲ್ಲಿ ಆ ದಿನ ಮೊದಲ ಬಾರಿ ನಗು ಎದ್ದಿತು.

ನಾಳೆ ಮದುವೆ ಹೆಣ್ಣು ಯಾರೂ ಇರಲಿಲ್ಲ. ನಾಳೆ ಬೆಳಗ್ಗೆ ಅವಳು ಕೋರ್ಟಿನಲ್ಲಿ ಇರುತ್ತಾಳೆ, ಯಾರೂ ಕರೆಯದೆ. ಆ ದಪ್ಪ ಹೆಂಗಸು ಜೊತೆಗೆ ಬಂದರೆ ಅವಳ ಜೊತೆ, ಬರದಿದ್ದರೆ ಒಬ್ಬಳೇ. ಇದನ್ನು ಅವಳು ಗಂಡನಿಗೆ ಹೇಳುವುದಿಲ್ಲ, ಮಗುವಿನ ತಾಯಿಗೆ ಈಗಲೇ ಹೇಳುವುದಿಲ್ಲ, ಯಾರ ಸಲಹೆಯನ್ನೂ ಕೇಳುವುದಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆ, ಬೇಡ ಅಂದರೆ ತಾನು ಒಪ್ಪಿಬಿಡುತ್ತೇನೆಂದು ಅವಳಿಗೆ ತನ್ನ ಬಗ್ಗೆ ಗೊತ್ತಿತ್ತು.

ಬಸ್ ನಿಲ್ದಾಣಕ್ಕೆ ತಿರುಗುವ ಮೂಲೆಯಲ್ಲಿ ಅವಳು ಯಾವಾಗಲೂ ಸಾಮಾನು ಕೊಳ್ಳುವ ಅಂಗಡಿ ತೆರೆದೇ ಇತ್ತು. ಅಂಗಡಿಯವನು ಅವಳನ್ನು ನೋಡಿ ಎದ್ದು, ಪೌಡರಿನ ಡಬ್ಬಿಯತ್ತ ಕೈಚಾಚಿದ. ಅವಳು ಅವನನ್ನು ದಾಟಿ ಮುಂದೆ ನಡೆದಳು.